ಪರೀಕ್ಷೆ ಮುಗಿಯುವ ಮುನ್ನ ಶಾಲೆಯ ಹೊಲದಲ್ಲಿ ಮುಗಿಸಬೇಕಾದ ಕೆಲಸ

ಹಾಸನ, ಚಿಕ್ಕಮಗಳೂರು ಕಡೆಯ ಶಾಲೆಗಳಿಗೆ ಬೇಸಿಗೆ ರಜೆ ಶುರುವಾಗುವುದು ಏಪ್ರಿಲ್ 10ರ ಆಸುಪಾಸು. ಬಾಗಿಲು ಮತ್ತೆ ತೆರೆಯುವುದು ಮೇ ಕೊನೆಗೆ. ನಡುವೆ ಹೆಚ್ಚುಕಡಿಮೆ ಏಳು ವಾರ. ಕೃಷಿಯನ್ನು ಪಾಠವಾಗಿ ಕಲಿಸುವ ಪ್ರೌಢಶಾಲೆಗೆ ತೊಡಕಿರುವುದು ಇಲ್ಲೇ. ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳು ಬರುವುದು ಇದೇ ಏಳು ವಾರದೊಳಗೆ. ಊರವರು ನೇಗಿಲು ಕಟ್ಟುವ ಹೊತ್ತಿಗೆ ಶಾಲೆಯ ಹೊಲಕ್ಕೆ ಬೀಗ ಬಿದ್ದಿರುತ್ತದೆ. ಜೂನ್‌ನಲ್ಲಿ ಬಂದು ನೋಡಿದರೆ ಸಸಿ ಒಣಗಿ, ಹನಿ ನೀರಾವರಿ ಪೈಪನ್ನು ಇಲಿ ಕಡಿದು, ಬೀಜದ ಡಬ್ಬದಲ್ಲಿ ಹುಳು ಓಡಾಡುತ್ತಿರುತ್ತದೆ.

ಆದ್ದರಿಂದ ವರ್ಷಾಂತ್ಯದ ಕೆಲಸವನ್ನು ಏಪ್ರಿಲ್ 10ರಿಂದ ಹಿಂದಕ್ಕೆ ಎಣಿಸಿಕೊಂಡು ಹೋಗಿ. ಹತ್ತನೇ ತರಗತಿಯವರು ಫೆಬ್ರುವರಿ ಮುಗಿಯುವಷ್ಟರಲ್ಲಿ ಪರೀಕ್ಷೆಯ ಗುಂಗಿಗೆ ಬೀಳುತ್ತಾರೆ, ಮಾರ್ಚ್‌ನಲ್ಲಿ ಒಂಬತ್ತನೆಯವರಿಗೂ ಪರೀಕ್ಷೆ. ಕೈಗಳು ಹೆಚ್ಚು ಸಿಗುವುದು ಫೆಬ್ರುವರಿಯಲ್ಲಿ ಮಾತ್ರ. ಬೀಜ, ಕಾಳುಮೆಣಸಿನ ಸಸಿ, ಗೊಬ್ಬರದ ಗುಡ್ಡೆ, ಈ ಮೂರನ್ನೂ ಆ ತಿಂಗಳಲ್ಲೇ ಹಿಡಿಯಿರಿ. ಮಣ್ಣಿನ ಮಾದರಿ, ಪೈಪು, ಸಲಕರಣೆಯ ಕೆಲಸ ಮಾರ್ಚ್‌ಗೆ ನಿಂತರೆ ನಷ್ಟವಿಲ್ಲ.

ಮೊದಲು ಒಂದು ಸುತ್ತು

ಫೆಬ್ರುವರಿ ಮೊದಲ ವಾರ ಹತ್ತನೆಯವರೂ ಒಂಬತ್ತನೆಯವರೂ ಒಟ್ಟಿಗೆ ಹೊಲ ಸುತ್ತಲಿ. ಪ್ರತಿ ಮಡಿಯ ಮುಂದೆ ನಿಂತು ಒಂದೇ ಪ್ರಶ್ನೆ ಕೇಳಿಕೊಳ್ಳಬೇಕು: ಇದು ಏಪ್ರಿಲ್ 10ರೊಳಗೆ ಮುಗಿಯುತ್ತದೆಯೇ, ರಜೆಯಲ್ಲಿ ನೀರು ಬೇಡುತ್ತದೆಯೇ, ಅಥವಾ ತಾನಾಗಿಯೇ ಬದುಕಿಕೊಳ್ಳುತ್ತದೆಯೇ? ಸೊಪ್ಪು, ಮೂಲಂಗಿ ಮುಗಿಯುವ ಪೈಕಿ. ಹಿಂದಿನ ಮಳೆಗಾಲದಲ್ಲಿ ನೆಟ್ಟ ಹಣ್ಣಿನ ಗಿಡ, ತೆಂಗಿನ ಸಸಿ ನೀರು ಬೇಡುವ ಪೈಕಿ. ಮೂರು ವರ್ಷ ದಾಟಿದ ನುಗ್ಗೆ, ಹೊಂಗೆ ತಾವೇ ಬದುಕುತ್ತವೆ. ಫೆಬ್ರುವರಿ 15ರ ನಂತರ ಹೊಸದಾಗಿ ಏನನ್ನೂ ಬಿತ್ತಬೇಡಿ. ಕೊತ್ತಂಬರಿ, ಮೆಂತ್ಯ, ದಂಟು ಇದಕ್ಕೆ ಹೊರತು. ಮಾರ್ಚ್‌ನಲ್ಲಿ ಉತ್ಸಾಹಕ್ಕೆ ಹಾಕಿದ ಬೆಂಡೆ ಕಾಯಿ ಬಿಡುವ ಹೊತ್ತಿಗೆ ಶಾಲೆಯಲ್ಲಿ ಯಾರೂ ಇರುವುದಿಲ್ಲ.

ಬೀಜ

ವರ್ಷಾಂತ್ಯದಲ್ಲಿ ಅತಿ ಹೆಚ್ಚು ಕೆಡುವ ಕೆಲಸ ಇದು. ಕಾರಣ ಒಂದೇ: ತಿನ್ನುವ ಹದಕ್ಕೂ ಬೀಜದ ಹದಕ್ಕೂ ಇರುವ ವ್ಯತ್ಯಾಸ ಮರೆತುಹೋಗುತ್ತದೆ. ಗಿಡದಲ್ಲಿ ಉಳಿದದ್ದನ್ನು ಬೀಜಕ್ಕೆ ಬಿಡುವುದಲ್ಲ, ಬೀಜಕ್ಕೆಂದು ಮೊದಲೇ ಗಿಡ ಆರಿಸಿ ಕೆಂಪು ದಾರ ಕಟ್ಟಬೇಕು. ರೋಗವಿಲ್ಲದ, ಎಲೆ ಮುದುರದ, ಚೆನ್ನಾಗಿ ಕಾಯಿ ಕಟ್ಟಿದ ಗಿಡ. ದಾರ ಕಟ್ಟಿದ ಗಿಡದ ಕಾಯಿ ಬಿಸಿಯೂಟದ ಅಡುಗೆಮನೆಗೆ ಹೋಗಬಾರದು. ಇದನ್ನು ಅಡುಗೆಯವರಿಗೂ ಒಂದು ಮಾತು ಹೇಳಿಡಿ.

ಇನ್ನೊಂದನ್ನು ಮೊದಲೇ ನೋಡಿಕೊಳ್ಳಿ. ಬಿತ್ತಿದ್ದು ಹೈಬ್ರಿಡ್, ಅಂದರೆ ಎರಡು ತಳಿ ಕೂಡಿಸಿ ಮಾಡಿದ ಬೀಜ, ಆಗಿದ್ದರೆ ಬೀಜ ತೆಗೆದು ಫಲವಿಲ್ಲ. ಅರ್ಕಾ ರಕ್ಷಕ್ ಟೊಮೆಟೊ ಹೈಬ್ರಿಡ್. ಅದರ ಬೀಜ ಹಾಕಿದರೆ ಮುಂದಿನ ವರ್ಷ ಗಿಡಗಳು ಒಂದೊಂದು ಒಂದೊಂದು ಥರ ಬರುತ್ತವೆ. ಅರ್ಕಾ ವಿಕಾಸ್ ಟೊಮೆಟೊ, ಅರ್ಕಾ ಅನಾಮಿಕ ಬೆಂಡೆ, ಹೆಬ್ಬಾಳ ಅವರೆ, ಜಿಪಿಯು 28 ರಾಗಿ ಇವು ಹೈಬ್ರಿಡ್ ಅಲ್ಲದ ತಳಿಗಳು, ಬೀಜ ಉಳಿಸಬಹುದು. ಹೀರೆ, ಸೋರೆ, ಕುಂಬಳಗಳಲ್ಲಿ ಜೇನು, ದುಂಬಿಗಳು ಪರಾಗ ಹೊತ್ತು ತಿರುಗುತ್ತವೆ. ಪಕ್ಕದ ಹಿತ್ತಲಲ್ಲಿ ಬೇರೆ ಜಾತಿಯ ಹೀರೆ ಇದ್ದರೆ ನಿಮ್ಮ ಬೀಜ ಬೆರಕೆ ಎಂದೇ ಲೆಕ್ಕ. ಶಾಲೆಗೆ ಸಲೀಸಾಗುವುದು ಟೊಮೆಟೊ, ಬೀನ್ಸ್, ಅವರೆ, ಅಲಸಂದೆ, ರಾಗಿ.

ಟೊಮೆಟೊ ಬೀಜ ತೆಗೆಯುವುದು ಎರಡು ದಿನದ ಪ್ರಯೋಗ, ತರಗತಿಗೆ ಹೇಳಿ ಮಾಡಿಸಿದ ಹಾಗಿದೆ. ಎರಡನೆಯ, ಮೂರನೆಯ ಗೊಂಚಲಿನ ಪೂರ್ತಿ ಕೆಂಪಾದ ಹಣ್ಣು ತನ್ನಿ. ಅಡ್ಡಕ್ಕೆ ಕೊಯ್ದು ತಿರುಳನ್ನು ಬೆರಳಿಂದ ಒತ್ತಿ ಪ್ಲಾಸ್ಟಿಕ್ ಬಟ್ಟಲಿಗೋ ಗಾಜಿನ ಪಾತ್ರೆಗೋ ಇಳಿಸಿ. ಹುಳಿ ತಿನ್ನುವ ಲೋಹದ ಪಾತ್ರೆ ಬೇಡ. ನೀರನ್ನೂ ಬೆರೆಸಬೇಡಿ, ಬೆರೆಸಿದರೆ ಬೀಜ ಪಾತ್ರೆಯಲ್ಲೇ ಮೊಳೆಯುತ್ತದೆ. ತೆಳು ಬಟ್ಟೆ ಕಟ್ಟಿ ನೆರಳಲ್ಲಿಡಿ. ಮಾರ್ಚ್ ಸೆಕೆಗೆ 24ರಿಂದ 36 ಗಂಟೆ ಸಾಕು. ಮಲೆನಾಡಿನ ತಂಪು ಕೋಣೆಯಲ್ಲಿ 48 ಗಂಟೆ ಹಿಡಿಯಬಹುದು. ಮೇಲೆ ಬಿಳಿ ಪೊರೆ ಕಟ್ಟಿ ಹುಳಿ ವಾಸನೆ ಬಂದಾಗ ಒಂದು ಬೀಜ ತೆಗೆದು ಬೆರಳ ನಡುವೆ ತಿಕ್ಕಿ. ಜಾರಿದರೆ ಲೋಳೆ ಇನ್ನೂ ಇದೆ, ತರಿತರಿ ಸಿಕ್ಕಿದರೆ ಹದ ಬಂದಿದೆ. ಆಗ ತುಂಬ ನೀರು ಸುರಿದು ಕಲಕಿ. ಗಟ್ಟಿ ಬೀಜ ತಳ ಸೇರುತ್ತದೆ, ಜೊಳ್ಳು, ಸಿಪ್ಪೆ ಮೇಲೆ ತೇಲುತ್ತವೆ. ತೇಲಿದ್ದನ್ನು ಚೆಲ್ಲಿ, ನೀರು ತಿಳಿಯಾಗುವವರೆಗೆ ನಾಲ್ಕೈದು ಸಲ ತೊಳೆಯಿರಿ. ಒಣಗಿಸಲು ಕಾಗದ ಬೇಡ, ಬೀಜ ಅಂಟಿಕೊಂಡು ಕಿತ್ತರೂ ಬರುವುದಿಲ್ಲ. ತಟ್ಟೆಯ ಮೇಲೋ ಪಂಚೆಯ ತುಂಡಿನ ಮೇಲೋ ತೆಳ್ಳಗೆ ಹರಡಿ, ಮೊದಲ ದಿನ ನೆರಳು, ಆಮೇಲೆ ನಾಲ್ಕು ದಿನ ಬೆಳಗಿನ ಬಿಸಿಲು ಮಾತ್ರ. ನಡುನಡುವೆ ಅಂಗೈಯಲ್ಲಿ ಉಜ್ಜಿ ಬಿಡಿಸಿ. ಕಿಲೋ ಹಣ್ಣಿಗೆ ಸಿಗುವುದು ಕೆಲವೇ ಗ್ರಾಂ, ಆದರೆ ಒಂದು ಗ್ರಾಂನಲ್ಲಿ ಸುಮಾರು 300 ಬೀಜ ಇರುತ್ತವೆ.

ಅವರೆ, ಅಲಸಂದೆಯ ಕಾಯಿ ಬಳ್ಳಿಯಲ್ಲೇ ಒಣಗಿ ಗಿಲಿಗಿಲಿ ಎನ್ನಬೇಕು. ಕಾಳನ್ನು ಹಲ್ಲಿಗಿಟ್ಟು ಕಚ್ಚಿ ನೋಡಿ: ಹಲ್ಲಿನ ಗುರುತು ಬಿದ್ದರೆ ಇನ್ನೂ ಹಸಿ, ಟಕ್ಕೆಂದು ಒಡೆದರೆ ಒಣಗಿದೆ. ಕಾಳಿಗೆ ಹುಳು ಡಬ್ಬದಲ್ಲಿ ಹುಟ್ಟುವುದಲ್ಲ. ಹೊಲದಲ್ಲೇ ಕಾಯಿಯ ಮೇಲೆ ಮೊಟ್ಟೆ ಇಟ್ಟಿರುತ್ತದೆ, ಮರಿ ಕಾಳಿನೊಳಗೆ ಕೂತು ಡಬ್ಬ ಸೇರುತ್ತದೆ. ಹಾಗಾಗಿ ಬರಿಯ ಗಾಳಿಯಾಡದ ಡಬ್ಬದಿಂದ ಪ್ರಯೋಜನವಿಲ್ಲ. ಒಂದು ಕಿಲೋ ಕಾಳಿಗೆ 5 ಮಿಲೀ ಹರಳೆಣ್ಣೆ, ಅಂದರೆ ಒಂದು ಟೀ ಚಮಚ, ಹಾಕಿ ಎಲ್ಲ ಕಾಳಿಗೂ ಮೆತ್ತುವಂತೆ ಉಜ್ಜಿ. ಇಲ್ಲವೇ ಜರಡಿ ಹಿಡಿದ ಒಲೆ ಬೂದಿ ಬೆರೆಸಿ, ಮೇಲೆ ಎರಡು ಬೆರಳು ದಪ್ಪ ಬೂದಿಯನ್ನೇ ಹಾಸಿ. ಹುಳು ಬೀಳದಂತೆ ಕಾಳಿಗೆ ಕೆಮ್ಮಣ್ಣು ಕಟ್ಟುವ ಅಜ್ಜಿಯರು ಊರಲ್ಲಿ ಇನ್ನೂ ಇದ್ದರೆ ಒಂದು ಮಧ್ಯಾಹ್ನ ಅವರನ್ನೇ ಕರೆಸಿ. ಆ ಪಾಠವನ್ನು ಪುಸ್ತಕದಿಂದ ಮಾಡುವುದು ಕಷ್ಟ.

ಡಬ್ಬದ ಹೊರಗೂ ಒಳಗೂ ಚೀಟಿ ಇರಲಿ: ಬೆಳೆ, ತಳಿ, ಯಾವ ಮಡಿ, ಕೊಯ್ದ ತಾರೀಕು, ತೂಕ. ಹೊರಗಿನ ಚೀಟಿಯನ್ನು ಜಿರಲೆ ತಿನ್ನುತ್ತದೆ, ಅದಕ್ಕೇ ಎರಡು. ಬೀಜದ ಬೀರುವಿನಲ್ಲಿ ಕೀಟನಾಶಕ, ಗೊಬ್ಬರ ಇಡಬೇಡಿ. ಶೀಟಿನ ಸೂರಿನ ಕೊಠಡಿಯೂ ಬೇಡ. ಏಪ್ರಿಲ್ ಕಾವಿಗೆ ಬೀಜ ಒಳಗೊಳಗೇ ಸಾಯುತ್ತದೆ.

ಮೆಣಸಿನ ಬಳ್ಳಿ, ನುಗ್ಗೆ

ಸಕಲೇಶಪುರ, ಬೇಲೂರು, ಮೂಡಿಗೆರೆ, ಕೊಪ್ಪ ಕಡೆಯ ಶಾಲೆಗೆ ಕಾಳುಮೆಣಸಿನ ಸಸಿ ಮಾಡುವುದಕ್ಕಿಂತ ಒಳ್ಳೆಯ ವರ್ಷಾಂತ್ಯದ ಕೆಲಸ ಇಲ್ಲ. ಫೆಬ್ರುವರಿ–ಮಾರ್ಚ್‌ನಲ್ಲಿ ಕಡ್ಡಿ ನೆಟ್ಟರೆ ಮುಂಗಾರಿಗೆ ಸಸಿ ಸಿದ್ಧ.

ಕಡ್ಡಿ ತೆಗೆಯಬೇಕಾದ್ದು ಬಳ್ಳಿಯ ಬುಡದಿಂದ ನೆಲದ ಮೇಲೆ ಹರಿಯುವ ಹಂಬಿನಿಂದ. ಕಾಯಿ ಬಿಡುವ ಅಡ್ಡ ಕೊಂಬೆಯಿಂದ ತೆಗೆದರೆ ಅದು ಮರ ಹತ್ತುವುದಿಲ್ಲ, ಪೊದೆಮೆಣಸು ಆಗುತ್ತದೆ. ಮಕ್ಕಳು ಮೊದಲ ದಿನ ಮಾಡುವ ತಪ್ಪು ಇದೇ. ಹಂಬು ಮಣ್ಣಿಗೆ ತಾಗಿ ಗೆಣ್ಣಿಗೆಣ್ಣಿಗೂ ಬೇರು ಬಿಡದಂತೆ, ತಿಂಗಳುಗಳ ಮೊದಲೇ ಬುಡದಲ್ಲಿ ಗೂಟ ನೆಟ್ಟು ಸುತ್ತಿಟ್ಟಿರಬೇಕು. ಹೀಗೆ ಸುತ್ತಿಟ್ಟವರು ಹತ್ತಿರದಲ್ಲಿ ಯಾರಿದ್ದಾರೆಂದು ಕೇಳಿ ತನ್ನಿ. ಹಂಬಿನ ಎಳೆ ತುದಿಯನ್ನೂ ಬಲಿತ ಬುಡವನ್ನೂ ಬಿಟ್ಟು ನಡುವಿನ ಭಾಗ ಹಿಡಿಯಿರಿ. ಎರಡು–ಮೂರು ಗೆಣ್ಣಿಗೊಂದರಂತೆ ಕತ್ತರಿಸಿ, ಎಲೆಯನ್ನು ತೊಟ್ಟು ಉಳಿಸಿ ಕತ್ತರಿಸಿ ಹಾಕಿ.

ಚೀಲಕ್ಕೆ ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ. ಚೀಲದ ತಳದಲ್ಲೂ ಪಕ್ಕದಲ್ಲೂ ತೂತು ಇದೆಯೇ ನೋಡಿ. ಕಡ್ಡಿಯ ಒಂದು ಗೆಣ್ಣಾದರೂ ಮಣ್ಣೊಳಗಿರಬೇಕು. ಗೆಣ್ಣು ಮೇಲೆ ಉಳಿದರೆ ಬೇರು ಬರುವ ಜಾಗವೇ ಇಲ್ಲ. ನೆಟ್ಟು ನೆರಳಲ್ಲಿ ಸಾಲಾಗಿ ಜೋಡಿಸಿ, ದಿನಕ್ಕೊಮ್ಮೆ ಪೂವಾಳಿಯಲ್ಲಿ (ತೂತುಮೂತಿಯ ನೀರಿನ ಡಬ್ಬ) ತೆಳುವಾಗಿ ನೀರು ಕೊಡಿ. ಹೆಚ್ಚು ನೀರು ಕೊಟ್ಟರೆ ಬುಡ ಕಪ್ಪಾಗಿ ಕೊಳೆಯುತ್ತದೆ. ಕೊಳೆತದ್ದನ್ನು ಚೀಲದ ಮಣ್ಣಿನ ಸಮೇತ ಹೊರಗೆ ಹಾಕಿ, ಪಕ್ಕದ ಚೀಲಗಳನ್ನು ದೂರ ಸರಿಸಿ. ತಿಂಗಳು, ನಲವತ್ತು ದಿನದಲ್ಲಿ ಬೇರು ಹಿಡಿಯುತ್ತದೆ. ನೆಟ್ಟಷ್ಟೂ ಉಳಿಯುವುದಿಲ್ಲ, ಆದ್ದರಿಂದ 100 ಸಸಿ ಬೇಕಿದ್ದರೆ 150 ಚೀಲ ತುಂಬಿ. ಫೆಬ್ರುವರಿ 10ರೊಳಗೆ ನೆಟ್ಟರೆ ರಜೆಗೆ ಮುಂಚೆಯೇ ಬೇರು ಹಿಡಿದಿರುತ್ತದೆ. ಆಮೇಲೆ ನೀರು ಒಂದು ದಿನ ತಪ್ಪಿದರೂ ತಡೆದುಕೊಳ್ಳುತ್ತದೆ.

ಅರಸೀಕೆರೆ, ಚನ್ನರಾಯಪಟ್ಟಣ, ಕಡೂರು ಕಡೆಗೆ ಮೆಣಸು ಬೇಡ. ಅಲ್ಲಿ ನುಗ್ಗೆ. ಅದನ್ನು ರಜೆ ಮುಗಿದ ವಾರ ಚೀಲಕ್ಕೆ ಬಿತ್ತಿದರೂ ತಿಂಗಳೊಪ್ಪತ್ತಿನಲ್ಲಿ ಸಸಿ. ಬೇಸಿಗೆಯಲ್ಲಿ ನೀರು ಹೊರುವ ಹೊರೆಯೂ ಇಲ್ಲ.

ತರಗು ಸುಡಬೇಡಿ

ಶಿವರಾತ್ರಿ ಹೊತ್ತಿಗೆ ಅಂಗಳದ ತುಂಬ ತರಗು. ಗುಡಿಸಿ ಬೆಂಕಿ ಇಡುವುದು ಎಲ್ಲ ಶಾಲೆಯ ಹಳೇ ಚಾಳಿ. ಅದನ್ನೇ ಒಂದೂವರೆ ಮೀಟರ್ ಅಗಲ, ಒಂದು ಮೀಟರ್ ಎತ್ತರದ ಗುಡ್ಡೆ ಮಾಡಿ: ಗೇಣು ದಪ್ಪ ತರಗು, ಮೇಲೆ ನಾಲ್ಕು ಬೆರಳು ಹಸಿ ಸೊಪ್ಪು, ಸಗಣಿ ಬಗ್ಗಡ, ಒಂದು ಬಾಣಲಿ ಮಣ್ಣು, ಮತ್ತೆ ತರಗು. ಮುಷ್ಟಿಯಲ್ಲಿ ಹಿಂಡಿದರೆ ಬೆರಳ ಸಂದಿಯಲ್ಲಿ ನೀರು ಜಿನುಗಬೇಕು, ತೊಟ್ಟಿಕ್ಕಬಾರದು. ಫೆಬ್ರುವರಿ 20ರೊಳಗೆ ಕಟ್ಟಿದರೆ ಮೂರು ವಾರಕ್ಕೊಮ್ಮೆಯಂತೆ ರಜೆಗೆ ಮುಂಚೆ ಎರಡು ಸಲ ಮಗುಚಬಹುದು. ಆಮೇಲೆ ಮಣ್ಣು ಸಾರಿಸಿ ತೆಂಗಿನ ಗರಿ ಮುಚ್ಚಿದರೆ ಜೂನ್‌ಗೆ ಗೊಬ್ಬರ. ಸಿಲ್ವರ್ ಓಕ್ ಎಲೆ, ತೆಂಗಿನ ಗರಿ ಬೇಗ ಕಳಿಯವು, ಕತ್ತರಿಸಿ ಹಾಕಿ. ಪಾರ್ಥೇನಿಯಂ ಹೂ ಬಿಡುವ ಮೊದಲಾದರೆ ಸರಿ, ಹೂ ಬಿಟ್ಟಿದ್ದರೆ ಗುಡ್ಡೆಯ ಹತ್ತಿರವೂ ಬೇಡ.

ಎರೆಗೊಬ್ಬರದ ತೊಟ್ಟಿ ಇದ್ದರೆ ಮಾರ್ಚ್ ಕೊನೆಗೆ ಖಾಲಿ ಮಾಡಿ. ನಾಲ್ಕೈದು ದಿನ ನೀರು ನಿಲ್ಲಿಸಿ, ಗೊಬ್ಬರವನ್ನು ಬೆಳಕಿನಲ್ಲಿ ಗೋಪುರದ ಹಾಗೆ ಗುಡ್ಡೆ ಹಾಕಿದರೆ ಹುಳುಗಳು ತಳಕ್ಕಿಳಿಯುತ್ತವೆ. ಮೇಲಿನದ್ದನ್ನು ಕೈಯಲ್ಲಿ ಬಾಚಿಕೊಳ್ಳಿ. ಹುಳುಗಳನ್ನು ಮರದ ನೆರಳಿನ ಚಿಕ್ಕ ಗುಂಡಿಗೆ, ಹತ್ತು ದಿನ ಹಳೆಯದಾದ ಸಗಣಿಯ ಮೇಲೆ ಬಿಟ್ಟು ಒದ್ದೆ ಗೋಣಿ ಹೊದಿಸಿ. ಹಸಿ ಸಗಣಿಯ ಕಾವಿಗೆ ಹುಳು ಉಳಿಯದು. ಸುತ್ತ ನೀರಿನ ಕಾಲುವೆ ಇಲ್ಲದಿದ್ದರೆ ಇರುವೆ ಬಿಡದು.

ಮಣ್ಣಿನ ಮಾದರಿ

ಬೆಳೆ ತೆಗೆದು ಹೊಲ ಬರಿದಾದ ಮಾರ್ಚ್ ತಿಂಗಳೇ ಇದಕ್ಕೆ ಸರಿಯಾದ ಕಾಲ. ಗೊಬ್ಬರ ಹಾಕಿ ತಿಂಗಳಾಗದ ಮಡಿಯನ್ನು ಬಿಟ್ಟುಬಿಡಿ. ಬದು, ಮರದ ಬುಡ, ತಿಪ್ಪೆ, ನೀರಿನ ಕಾಲುವೆಯ ಪಕ್ಕವೂ ಬೇಡ.

1. ಬಣ್ಣ, ಇಳಿಜಾರು, ಹಿಂದಿನ ಬೆಳೆ ಬೇರೆ ಬೇರೆ ಇದ್ದರೆ ಮಾದರಿಯೂ ಬೇರೆ ಬೇರೆ. ಎರಡು ಥರದ ಮಣ್ಣು ಬೆರೆಸಿದ ವರದಿ ಎರಡಕ್ಕೂ ಸುಳ್ಳು.
2. ಹೊಲದಲ್ಲಿ ಅಂಕುಡೊಂಕಾಗಿ ನಡೆದು 10–12 ಕಡೆ ಗುರುತು ಮಾಡಿ. ಮೇಲಿನ ಹುಲ್ಲು, ಕಡ್ಡಿ ಮಾತ್ರ ತೆಗೆಯಿರಿ, ಮಣ್ಣು ಕೆರೆಯಬೇಡಿ.
3. ಇಂಗ್ಲಿಷಿನ ‘ವಿ’ ಆಕಾರದಲ್ಲಿ 15 ಸೆಂ.ಮೀ. ಆಳ ತೋಡಿ ಆ ಮಣ್ಣನ್ನು ಹೊರಗೆ ಹಾಕಿ. ಗುಂಡಿಯ ಗೋಡೆಯಿಂದ ಮೇಲಿಂದ ಕೆಳಗಿನವರೆಗೆ ಒಂದು ಬೆರಳು ದಪ್ಪದ ಚಕ್ಕೆ ತೆಗೆದು ಪ್ಲಾಸ್ಟಿಕ್ ಬಕೆಟ್‌ಗೆ ಹಾಕಿ. ಜಿಂಕ್ ಲೇಪದ ತಗಡಿನ ಬಕೆಟ್ ಬಳಸಿದರೆ ವರದಿಯಲ್ಲಿ ಸತು ಹೆಚ್ಚಾಗಿ ಕಾಣಬಹುದು.
4. ಎಲ್ಲವನ್ನೂ ಬೆರೆಸಿ, ದುಂಡಗೆ ಹರಡಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡನ್ನು ಚೆಲ್ಲಿ. ಅರ್ಧ ಕಿಲೋ ಉಳಿಯುವವರೆಗೆ ಹೀಗೇ ಮಾಡಿ.
5. ನೆರಳಲ್ಲಿ ಒಣಗಿಸಿ ಹೊಸ ಚೀಲಕ್ಕೆ ತುಂಬಿ. ಗೊಬ್ಬರದ ಹಳೇ ಚೀಲ ತೊಳೆದರೂ ಬೇಡ. ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆಯಿರಿ, ಶಾಯಿ ತೇವಕ್ಕೆ ಹರಡುತ್ತದೆ. ಮಡಿಯ ಹೆಸರು, ಹಿಂದಿನ ಬೆಳೆ, ಹಾಕಿದ ಗೊಬ್ಬರ, ಮುಂದೆ ಹಾಕುವ ಬೆಳೆ ಬರೆದಿರಬೇಕು.

ಮಾದರಿಯನ್ನು ರೈತ ಸಂಪರ್ಕ ಕೇಂದ್ರದ ಮೂಲಕ ಕಳಿಸಬಹುದು. ಹಾಸನದವರಿಗೆ ಕಂದಲಿಯಲ್ಲಿ, ಚಿಕ್ಕಮಗಳೂರಿನವರಿಗೆ ಮೂಡಿಗೆರೆಯಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ, ಅಲ್ಲೂ ವಿಚಾರಿಸಿ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳು ಬರುತ್ತವೆ. ಮಕ್ಕಳು ಮೊದಲು ನೋಡಬೇಕಾದ್ದು ಎರಡು: ರಸಸಾರ (ಮಣ್ಣು ಹುಳಿಯೋ ಕ್ಷಾರವೋ ಎಂದು ಹೇಳುವ ಅಂಕಿ, ಪಿಎಚ್) ಮತ್ತು ಸಾವಯವ ಇಂಗಾಲ. ಮಲೆನಾಡಿನ ಮಣ್ಣು ಮಳೆಗೆ ತೊಳೆದು ಹುಳಿಯಾಗಿರುವುದೇ ಹೆಚ್ಚು. ಸುಣ್ಣ ಬೇಕೆಂದು ವರದಿ ಹೇಳಿದರೆ ಬೇಸಿಗೆ ಮಳೆ ಬಿದ್ದು ಮಣ್ಣು ಹಸಿಯಾದ ಮೇಲೆ ಕೊಡಿ, ಯೂರಿಯಾ ಜೊತೆ ಒಂದೇ ದಿನ ಬೇಡ; ಸಾರಜನಕ ಗಾಳಿಗೆ ಹೋಗುತ್ತದೆ.

ಪೈಪು, ಸಲಕರಣೆ

ಹನಿ ನೀರಾವರಿ ಪೈಪುಗಳ ತುದಿ ಬಿಚ್ಚಿ ಎರಡು ನಿಮಿಷ ರಭಸವಾಗಿ ನೀರು ಬಿಡಿ. ಕೆಸರು ಹೋಗಿ ತಿಳಿ ನೀರು ಬರಬೇಕು. ಫಿಲ್ಟರ್ ಜಾಲರಿ ತೆಗೆದು ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿ. ಬೋರ್‌ವೆಲ್ ನೀರಿನ ಉಪ್ಪು ಕಟ್ಟಿ ತೂತು ಮುಚ್ಚಿದ್ದರೆ ಆಮ್ಲ ಹಾಯಿಸಬೇಕು. ಅದು ತಿಳಿದ ಮೆಕ್ಯಾನಿಕ್ ಕೆಲಸ, ಮಕ್ಕಳದ್ದಲ್ಲ. ಪ್ರತಿ ಸಾಲಿಗೂ ಬಣ್ಣದ ಟೇಪಿನಲ್ಲಿ ನಂಬರ್ ಹಾಕಿ, ಮೀಟರ್ ಅಗಲದ ಸುತ್ತು ಮಾಡಿ ಗೋಡೆಯ ಮೊಳೆಗೆ ನೇತುಹಾಕಿ. ನೆಲದಲ್ಲಿಟ್ಟರೆ ಇಲಿಗೆ ಹಬ್ಬ. ಬಿಗಿಯಾಗಿ ಸುತ್ತಿದರೆ ಮಡಿಕೆ ಬಿದ್ದಲ್ಲಿ ಸೀಳುತ್ತದೆ.

ಗುದ್ದಲಿ, ಕುಡುಗೋಲು, ಹಾರೆಗಳ ಮಣ್ಣು ಕೆರೆದು ಎಣ್ಣೆ ಬೆರೆಸಿದ ಮರಳಿನ ಬಕೆಟ್‌ನಲ್ಲಿ ನಾಲ್ಕು ಸಲ ಚುಚ್ಚಿ ತೆಗೆದರೆ ತುಕ್ಕು ಹಿಡಿಯದು. ಅಲ್ಲಾಡುವ ಮರದ ಹಿಡಿಯನ್ನು ಈಗಲೇ ಬದಲಿಸಿ, ಜೂನ್‌ನಲ್ಲಿ ಬಡಗಿ ಸಿಗುವುದಿಲ್ಲ. ಔಷಧಿ ಸಿಂಪಡಿಸುವ ಯಂತ್ರ ತೊಳೆಯುವುದು ದೊಡ್ಡವರ ಕೆಲಸ, ವಿದ್ಯಾರ್ಥಿಗಳನ್ನು ಹತ್ತಿರ ಬಿಡಬೇಡಿ. ಬ್ಯಾಟರಿಯದ್ದಾದರೆ ರಜೆಯಲ್ಲೂ ತಿಂಗಳಿಗೊಮ್ಮೆ ಚಾರ್ಜ್ ಮಾಡದಿದ್ದರೆ ಬ್ಯಾಟರಿ ಸಾಯುತ್ತದೆ.

ಲೆಕ್ಕ, ಪ್ರದರ್ಶನ

ಪ್ರದರ್ಶನಕ್ಕೆ ಬರುವ ತಂದೆತಾಯಿ ಬೆಳೆಗಾರರು. ರಾಗಿಯ ತೆನೆ ಇಟ್ಟು ‘ರಾಗಿ’ ಎಂದು ಫಲಕ ಹಾಕಿದರೆ ನಕ್ಕು ಮುಂದೆ ಹೋಗುತ್ತಾರೆ. ಅವರು ನಿಲ್ಲುವುದು ಹೋಲಿಕೆಗೆ: ಕೊಟ್ಟಿಗೆ ಗೊಬ್ಬರ ಕೊಟ್ಟ ಮಡಿಯ ಹತ್ತು ತೆನೆ, ಕೊಡದ ಮಡಿಯ ಹತ್ತು ತೆನೆ, ಪಕ್ಕದಲ್ಲೊಂದು ತಕ್ಕಡಿ.

ಇಳುವರಿಯನ್ನು ಎಕರೆಗೆ ತಿರುಗಿಸುವಾಗ ಇಡೀ ಮಡಿಯ ತೂಕ ಹಿಡಿಯಿರಿ, ಚೆನ್ನಾಗಿ ಬಂದ ಮೂಲೆಯದ್ದಲ್ಲ. ಗುಂಟೆ ಎಂದರೆ 33 ಅಡಿಗೆ 33 ಅಡಿ, ಎಕರೆಗೆ 40 ಗುಂಟೆ. ಐದು ಗುಂಟೆಯಲ್ಲಿ 90 ಕಿಲೋ ರಾಗಿ ಬಂದರೆ ಎಕರೆಗೆ 720 ಕಿಲೋ. ಖರ್ಚಿನಲ್ಲಿ ಮಕ್ಕಳ ದುಡಿಮೆಯನ್ನು ಸೊನ್ನೆ ಎಂದು ಬರೆದರೆ ಲಾಭ ಸುಳ್ಳು ಲಾಭ. 30 ಮಕ್ಕಳು 40 ನಿಮಿಷ ಕಳೆ ಕಿತ್ತರೆ 20 ಗಂಟೆ, ಅಂದರೆ ಎರಡೂವರೆ ಆಳಿನ ಕೆಲಸ. ಊರಿನ ಕೂಲಿ ದರ ಹಾಕಿ ಬರೆಯಿರಿ. ಬಹಳ ಮಡಿಗಳು ಆಗ ನಷ್ಟ ತೋರಿಸುತ್ತವೆ. ತೋರಿಸಲಿ, ಪಾಠ ಅಲ್ಲೇ ಇರುವುದು.

ಏಳು ವಾರದ ನೀರು

50 ಗಿಡ, ಗಿಡಕ್ಕೆ 10 ಲೀಟರ್, ವಾರಕ್ಕೆ ಎರಡು ಸಲ. ಒಂದು ಸರದಿಗೆ 500 ಲೀಟರ್, ರಜೆ ಪೂರ್ತಿಗೆ 14 ಸರದಿ, 7,000 ಲೀಟರ್. ಟ್ಯಾಂಕಿನ ಅಳತೆ, ಬೋರ್‌ವೆಲ್‌ನ ಬೇಸಿಗೆ ನೀರು ನೋಡಿಕೊಂಡು ಈಗಲೇ ನಿರ್ಧರಿಸಿ. ನೀರು ಸಾಲದಿದ್ದರೆ ಗಿಡದ ಸಂಖ್ಯೆ ಇಳಿಸಿ, ಎಲ್ಲಕ್ಕೂ ಅರ್ಧರ್ಧ ಕೊಡಬೇಡಿ. ಪಾತಿ ಸರಿಮಾಡಿ, ಬುಡಕ್ಕೆ ತಾಗದಂತೆ ಗೇಣು ದಪ್ಪ ತರಗು ಹೊದಿಸಿ. ಸರದಿಗೆ ಶಾಲೆಯ ಹತ್ತಿರದ ಮನೆಯ ಮಕ್ಕಳು, ಜೊತೆಗೆ ಒಬ್ಬ ದೊಡ್ಡವರು. ಪಟ್ಟಿಯಲ್ಲಿ ಪ್ರತಿ ಸರದಿಗೂ ಬದಲಿ ಹೆಸರೊಂದು ಇರಲಿ, ಅಜ್ಜಿ ಮನೆಗೆ ಹೋಗದ ಮಗು ಇಲ್ಲ. ಬೀಗದ ಕೈ ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಒಬ್ಬರ ಬಳಿ ಇರಲಿ.

‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎನ್ನುವುದು ಸುಮ್ಮನೆ ಅಲ್ಲ. ಏಪ್ರಿಲ್ ಕೊನೆಯ ಆ ಹದ ಸಿಕ್ಕಾಗ ಇಳಿಜಾರಿಗೆ ಅಡ್ಡಲಾಗಿ ಒಂದು ಉಳುಮೆ ಆಗಬೇಕು. ಟ್ರ್ಯಾಕ್ಟರಿನವರಿಗೆ ಮಾರ್ಚ್‌ನಲ್ಲೇ ಹೇಳಿಟ್ಟು ಹಣದ ಏರ್ಪಾಡು ಮಾಡಿ. ಆಲೂಗೆಡ್ಡೆ ಹಾಕುವ ಶಾಲೆಗಳಿಗೆ ಇದು ಇನ್ನೂ ಮುಖ್ಯ, ಏಕೆಂದರೆ ಹಾಸನದಲ್ಲಿ ಬಿತ್ತನೆ ಗೆಡ್ಡೆ ಮಾರಾಟವಾಗುವುದೂ ಶಾಲೆ ಮುಚ್ಚಿದ್ದಾಗಲೇ. ಎರಡು ಗುಂಟೆಗೆ ಸುಮಾರು 30 ಕಿಲೋ ಗೆಡ್ಡೆ ಬೇಕು. ತರುವವರು ಯಾರು, ತಂದದ್ದನ್ನು ಗಾಳಿಯಾಡುವ ನೆರಳಲ್ಲಿ ಹರಡುವವರು ಯಾರು ಎಂದು ಮೊದಲೇ ಗೊತ್ತುಮಾಡಿ. ಚೀಲದಲ್ಲೇ ಬಿಟ್ಟ ಗೆಡ್ಡೆ ಬೆವರಿ ಕೊಳೆಯುತ್ತದೆ.

ಶಾಲೆ ತೆರೆದ ಮೊದಲ ವಾರ ಬೀಜದ ಡಬ್ಬ ಬಿಚ್ಚಿ. ಪ್ರತಿಯೊಂದರಿಂದ ಆರಿಸದೆ 100 ಬೀಜ ಎಣಿಸಿ, ಒದ್ದೆ ಗೋಣಿಯ ಮೇಲೆ ಹತ್ತರಂತೆ ಹತ್ತು ಸಾಲು ಇಟ್ಟು ಸುತ್ತಿ, ನೆರಳಲ್ಲಿಡಿ, ಒಣಗದಂತೆ ನೋಡಿಕೊಳ್ಳಿ. ರಾಗಿಯನ್ನು ನಾಲ್ಕೈದು ದಿನಕ್ಕೆ, ಅವರೆಯನ್ನು ವಾರಕ್ಕೆ, ಟೊಮೆಟೊವನ್ನು ಹತ್ತು ದಿನಕ್ಕೆ ಎಣಿಸಿ. 80 ಮೊಳೆತರೆ ಧೈರ್ಯವಾಗಿ ಬಿತ್ತಿ. 60 ಮೊಳೆತರೆ ಬಿತ್ತನೆ ಪ್ರಮಾಣವನ್ನು ಮೂರನೇ ಒಂದು ಭಾಗ ಹೆಚ್ಚಿಸಿ. ಅದಕ್ಕೂ ಕಡಿಮೆಯಾದರೆ ಆ ಡಬ್ಬ ಕೋಳಿಗೆ.